ಹಸಿರು ನೆಟ್ ವಿಮರ್ಶೆ: ನರ್ಸರಿಗೆ ಐದಕ್ಕೆ ಐದು, ಗುಡಿಸಲ ಮರೆಗೆ ಸೊನ್ನೆ

ಮಂಗಳೂರು ಬಂದರಿನ ಹಾರ್ಡ್‌ವೇರ್ ಅಂಗಡಿಯಲ್ಲಿ "ಹಸಿರು ನೆಟ್ ಉಂಟಾ?" ಎಂದರೆ ತಿರುಗಿ ಬರುವ ಪ್ರಶ್ನೆ, "ಎಷ್ಟು ಪರ್ಸೆಂಟಿನದ್ದು, ಎಂತಕ್ಕೆ?" 35, 50, 75, 90 ಇವು ಸಾಮಾನ್ಯವಾಗಿ ಸಿಗುವ ಬಗೆಗಳು. ಬೀಳುವ ಬಿಸಿಲಿನಲ್ಲಿ ನೂರಕ್ಕೆ ಎಷ್ಟು ಪಾಲನ್ನು ನೆಟ್ ತಡೆಯುತ್ತದೆ ಎಂಬ ಲೆಕ್ಕ ಅದು. ಅಡಿಕೆ ಸಸಿ ಮಾಡುವವರು, ಕಾಳುಮೆಣಸಿನ ಬಳ್ಳಿಗೆ ಬೇರು ಬರಿಸುವವರು 50 ಒಯ್ಯುತ್ತಾರೆ. ಆಂಥೂರಿಯಂ, ಆರ್ಕಿಡ್ ಬೆಳೆಯುವವರಿಗೆ 75. 90 ಹೋಗುವುದು ಕಾರು ನಿಲ್ಲಿಸುವ ಚಪ್ಪರಕ್ಕೆ, ಕಟ್ಟಡ ಏಳುವಲ್ಲಿ ಧೂಳಿನ ಮರೆಗೆ. "ದೊಡ್ಡವರು ಬರುವ ದಿನ ಬಡವರು ಕಾಣಬಾರದು, ಅದಕ್ಕೆ" ಎಂದು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಆದರೆ ಈ ಮಾಲು ದೇಶದಲ್ಲಿ ಹೆಸರು ಮಾಡಿದ್ದು ಆ ಕೆಲಸದಿಂದಲೇ.

ಜಿ20 ಸಭೆಗಳ ಕಾಲ ಅದಕ್ಕೆ ಸಾಕ್ಷಿ. 2022ರ ಡಿಸೆಂಬರ್‌ನಲ್ಲಿ ಮುಂಬಯಿ, 2023ರ ಮಾರ್ಚ್‌ನಲ್ಲಿ ವಿಶಾಖಪಟ್ಟಣ, ಅದೇ ವರ್ಷ ಸೆಪ್ಟೆಂಬರ್ 9 ಮತ್ತು 10ರ ಶೃಂಗಸಭೆಗೆ ದೆಹಲಿ. ದೆಹಲಿಯ ವಸಂತ ವಿಹಾರದ 'ಕೂಲಿ ಕ್ಯಾಂಪ್' ಎಂಬ ಕೊಳೆಗೇರಿಯ ಎದುರು ಎದ್ದ ಹಸಿರು ಪರದೆಯ ಚಿತ್ರ ಹಲವು ಪತ್ರಿಕೆಗಳಲ್ಲಿ ಬಂತು. ಸಭೆಯ ಘೋಷವಾಕ್ಯ 'ವಸುಧೈವ ಕುಟುಂಬಕಂ'. ಕುಟುಂಬದ ಒಂದು ಭಾಗ ನೆಟ್ಟಿನ ಹಿಂದೆ ಇತ್ತು. ಅದೇ ಊರಿನಲ್ಲಿ ಮಂಗಗಳನ್ನು ಓಡಿಸಲು ಮುಸುವನ ಆಳೆತ್ತರದ ಚಿತ್ರಗಳನ್ನೂ ನಿಲ್ಲಿಸಿದ್ದರು ಎಂಬುದನ್ನು ಇಲ್ಲಿ ಸುಮ್ಮನೆ ಹೇಳಿಬಿಡಬೇಕು.

ಈ ವಿಮರ್ಶೆ ಆ ಎರಡನೇ ಬಳಕೆಯದ್ದು. ನೆಟ್ ಮಾತ್ರವಲ್ಲ, ಅದೇ ಕೆಲಸಕ್ಕೆ ಬಳಸುವ ಫ್ಲೆಕ್ಸ್, ತಗಡು, ಗೋಡೆ, ಕೊನೆಗೆ ಜನರನ್ನೇ ಎತ್ತಿಕೊಂಡು ಹೋಗುವ 'ಸೇವೆ' ಎಲ್ಲವನ್ನೂ ನೋಡೋಣ. ಕಟ್ಟಿಸುವವರು ಬೇರೆ, ಕಟ್ಟುವವರು ಬೇರೆ, ಹಿಂದೆ ಬದುಕುವವರು ಬೇರೆ. ಇಲ್ಲಿ ಅಂಕ ಕೊಟ್ಟದ್ದು ಹಿಂದೆ ಬದುಕುವವರ ಕಡೆಯಿಂದ.

ಮೊದಲು ಮಾಲಿನ ಗುಣ. ಒಳ್ಳೆಯ ನೆಟ್ ಹೆಣೆದದ್ದು, ನೇಯ್ದದ್ದಲ್ಲ. ಹೆಣೆದ ನೆಟ್ಟನ್ನು ಕತ್ತರಿಯಲ್ಲಿ ಎಲ್ಲಿ ಬೇಕಾದರೂ ತುಂಡು ಮಾಡಿ, ಎಳೆ ಬಿಚ್ಚಿಕೊಂಡು ಹೋಗುವುದಿಲ್ಲ. ಎಳೆ ಎರಡು ತರ: ಮೀನಿನ ಗಾಳದ ನೂಲಿನ ಹಾಗೆ ಉರುಟಾದದ್ದು, ಚಪ್ಪಟೆ ಪಟ್ಟಿಯಂಥದ್ದು. ಚಪ್ಪಟೆ ಎಳೆಯದ್ದು ಅಗ್ಗ, ಕಣ್ಣಿಗೆ ಹೆಚ್ಚು ಮರೆ ಕೊಡುತ್ತದೆ, ಬೇಗ ಜೂಲಾಗುತ್ತದೆ. ಉರುಟು ಎಳೆಯದ್ದು ವರ್ಷಗಟ್ಟಲೆ ಬಾಳುತ್ತದೆ. ಬಿಸಿಲು ತಾಳುವ ಔಷಧಿ ಬೆರೆಸದ ಮಾಲಾದರೆ ಒಂದೆರಡು ಬೇಸಿಗೆಯಲ್ಲಿ ಬೆರಳಲ್ಲಿ ಉಜ್ಜಿದರೆ ಪುಡಿ ಉದುರುತ್ತದೆ. ಗಣ್ಯರ ಭೇಟಿಗೆ ತರುವವರು ಇದನ್ನೆಲ್ಲ ನೋಡುವುದಿಲ್ಲ. ಅವರಿಗೆ ಬೇಕಾದ ಬಾಳಿಕೆ ಮೂರು ದಿನ.

ಪ್ರಮಾಣದ ಲೆಕ್ಕ ಹೀಗೆ. 400 ಮೀಟರ್ ಉದ್ದದ ಕೇರಿ ಎಂದಿಟ್ಟುಕೊಳ್ಳಿ. ಮೂರು ಮೀಟರ್ ಅಗಲದ, 50 ಮೀಟರ್ ಉದ್ದದ ರೋಲ್ ಎಂಟು ಸಾಕು, ಜೋಡಿಸುವಲ್ಲಿ ಒಂದರ ಮೇಲೊಂದು ಬರುವುದನ್ನು, ಜೋಲುವುದನ್ನು ಸೇರಿಸಿ ಒಂಬತ್ತು. ಹತ್ತು ಅಡಿಗೊಂದರಂತೆ ಕಂಬ ನೂರ ಮೂವತ್ತರ ಮೇಲೆ. ಮೇಲೆ, ನಡುವೆ, ಕೆಳಗೆ ಹೀಗೆ ಮೂರು ಸಾಲು ತಂತಿ, ಅಂದರೆ 1,200 ಮೀಟರ್. ಹತ್ತು ಗೇಜಿನದ್ದಾದರೆ 80 ಕೆಜಿ ಹತ್ತಿರ ಬರುತ್ತದೆ. ನೆಟ್ಟಿನ ಬೆಲೆ ಗುಣಮಟ್ಟ ನೋಡಿ ರೋಲಿಗೆ ಮೂರು ಸಾವಿರದಿಂದ ಆರೇಳು ಸಾವಿರ. ಹಾಗಾಗಿ "ಆ ದುಡ್ಡಿನಲ್ಲಿ ಮನೆ ಕಟ್ಟಿಸಿಕೊಡಬಹುದಿತ್ತು" ಎಂಬ ಮಾತು ನೆಟ್ಟಿನ ವಿಷಯದಲ್ಲಿ ನಿಲ್ಲುವುದಿಲ್ಲ. ಒಂಬತ್ತು ರೋಲಿನ ದುಡ್ಡಲ್ಲಿ ಒಂದು ಮನೆಯ ಪಂಚಾಂಗವೂ, ಅಂದರೆ ಅಡಿಪಾಯವೂ, ಮುಗಿಯದು. ನೆಟ್ ಅಗ್ಗ, ಎಲ್ಲ ಕಡೆ ಇದನ್ನೇ ಎಳೆಯುವುದೂ ಅದಕ್ಕೇ. ಖರ್ಚು ಏರುವುದು ಕಂಬ, ಕೂಲಿ, ರಾತ್ರಿ ಕೆಲಸ, ಬಿಚ್ಚುವ ಕೂಲಿ, ಎಲ್ಲದರ ತಲೆಯ ಮೇಲೆ ಬರೆಯುವ 'ತುರ್ತು ಕಾಮಗಾರಿ' ಎಂಬ ಎರಡು ಪದ, ಇವುಗಳಲ್ಲಿ.

ಕಟ್ಟುವಾಗ ಕೆಡುವುದು ಬಹುಪಾಲು ಗಾಳಿಯಿಂದ. ಗಂಟೆಗೆ 50 ಕಿಲೋಮೀಟರ್ ಗಾಳಿ ಬೀಸಿದರೆ ಹತ್ತಡಿ ಅಗಲ, ಹತ್ತಡಿ ಎತ್ತರದ ಒಂದು ಅಂಕಣದ ಮೇಲೆ, ನೆಟ್ ದಟ್ಟವಾಗಿದ್ದರೆ, ನೂರು ಕೆಜಿಯಷ್ಟು ಒತ್ತಡ ಬೀಳುತ್ತದೆ. ಹೆದ್ದಾರಿ ಬದಿಯಲ್ಲಿ ಗುಂಡಿ ತೋಡಲು ಒಪ್ಪಿಗೆ ಸಿಗದಾಗ ಶಾಮಿಯಾನದವರು ಎಣ್ಣೆ ಡಬ್ಬದಲ್ಲಿ ಕಾಂಕ್ರೀಟ್ ತುಂಬಿ ಕಂಬ ನಿಲ್ಲಿಸುತ್ತಾರೆ. ಆ ಡಬ್ಬದ ತೂಕ 35 ಕೆಜಿ ಆಸುಪಾಸು, ಬುಡದ ಅಗಲ ಒಂದಡಿಯೂ ಇಲ್ಲ. ಹಿಂದಕ್ಕೆ ಎಳೆಹಗ್ಗ ಕಟ್ಟದಿದ್ದರೆ ಮೊದಲ ಗಾಳಿಗೇ ಸಾಲಾಗಿ ಮಲಗುತ್ತದೆ, ಮಲಗುವುದೂ ಗುಡಿಸಲ ಮೇಲೆ. ಎಳೆಹಗ್ಗ ಕಟ್ಟಿದರೆ ಅದು ಹೋಗಿ ನಿಲ್ಲುವುದು ಜನ ನಡೆಯುವ ಓಣಿಯಲ್ಲಿ, ಕತ್ತಲಲ್ಲಿ ಕಾಲಿಗೆ ತೊಡರುವ ಎತ್ತರದಲ್ಲಿ. ಸರಿಯಾದ ಕ್ರಮವೆಂದರೆ ಎರಡಡಿ ಗುಂಡಿ, ಗಾಳಿಮರದ ಕಂಬ, ಮೂಲೆ ಕಂಬಕ್ಕೆ ಒಳಗಿಂದ ಓರೆ ಆಸರೆ, ನೆಟ್ಟಿನ ಅಂಚನ್ನು ತಂತಿಗೆ ಸುತ್ತಿ ಅಡಿಗೊಂದು ಗಂಟು. ಮಲ್ಪೆಯಲ್ಲಿ ಬಲೆ ಹೆಣೆಯಲು ಬಳಸುವ ನೈಲಾನ್ ಹುರಿ ಇದಕ್ಕೆ ಬಹಳ ಒಳ್ಳೆಯದು. ಪ್ಲಾಸ್ಟಿಕ್ ಹಗ್ಗ ಬಿಸಿಲಿಗೆ ಸಡಿಲವಾಗುತ್ತದೆ.

ಇನ್ನು ಮುಖ್ಯ ಕೆಲಸ: ಮುಚ್ಚುತ್ತದೆಯೇ? ಅರ್ಧ ದಿನ ಮಾತ್ರ.

ನೆಟ್ ಮರೆಯಾಗುವುದು ಬೆಳಕು ನೋಡುವವರ ಕಡೆ ಹೆಚ್ಚಿದ್ದಾಗ. ಬಿಸಿಲು ರಸ್ತೆ ಕಡೆಯಿಂದ ಬಿದ್ದರೆ ಹಸಿರು ಎಳೆಗಳೇ ಹೊಳೆದು ಹಿಂದಿನದ್ದು ಮಂಕಾಗುತ್ತದೆ. ಸೂರ್ಯ ಹಿಂದೆ ಹೋದರೆ ಆಟ ತಿರುಗುತ್ತದೆ: ಗುಡಿಸಲ ಮಾಡು (ಸೂರು), ಬಟ್ಟೆ ಹರವಿದ ಹಗ್ಗ, ಕೊಡ ಹೊತ್ತ ಹೆಂಗಸು ಎಲ್ಲವೂ ತೊಗಲುಗೊಂಬೆಯ ಪರದೆಯ ಮೇಲಿನಂತೆ ಕಪ್ಪಗೆ ಕಾಣುತ್ತವೆ. ಉತ್ತರ–ದಕ್ಷಿಣವಾಗಿ ಓಡುವ ನಮ್ಮ ಹೆದ್ದಾರಿ 66ರ ಪಶ್ಚಿಮ ಬದಿಯಲ್ಲಿ ನೆಟ್ ಕಟ್ಟಿದರೆ ಸಂಜೆ ನಾಲ್ಕರ ಮೇಲೆ ಅದು ಪ್ರದರ್ಶನ. ರಾತ್ರಿ ಇನ್ನೂ ಕಷ್ಟ. ಒಳಗೆ ಬಲ್ಬು ಉರಿದರೆ, ಒಲೆ ಉರಿದರೆ, ರಸ್ತೆಯಿಂದ ಪ್ರತಿಯೊಂದೂ ಸ್ಪಷ್ಟ. ಗಣ್ಯರ ವಾಹನ ಸಾಲು ರಾತ್ರಿಯೂಟ ಮುಗಿಸಿ ಹೊರಡುವುದು ಆ ಹೊತ್ತಿಗೇ. ಎರಡು ಪದರ ಕಟ್ಟಿ ಎನ್ನುವವರಿದ್ದಾರೆ. 50ರ ಎರಡು ಪದರ 75 ಆಗುತ್ತದೆ, ನೂರಲ್ಲ. ಮೇಲಾಗಿ ಎರಡು ಜಾಲರಿ ಸೇರಿ ಅಲೆ ಅಲೆಯಾದ ಚಿತ್ತಾರ ಮೂಡಿ, ಸುಮ್ಮನೆ ಕೂತವನೂ ಕಿಟಕಿಯಿಂದ ಅತ್ತಲೇ ನೋಡುತ್ತಾನೆ.

2010ರ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕೆ ದೆಹಲಿಯಲ್ಲಿ ಕೊಳೆಗೇರಿಗಳ ಮುಂದೆ ಬಿದಿರಿನ ತಟ್ಟಿ ಹಾಕಿಸುವ ಯೋಜನೆ ಮಾಡಿದ್ದರು. ನೋಡಲು ಚೆಂದ. ಆದರೆ ಸಂದುಬಿಟ್ಟ ಯಾವ ತಟ್ಟಿಯ ಗುಣವೂ ಒಂದೇ: ನಿಂತು ನೋಡಿದರೆ ಮರೆ, ಕಾರಿನಲ್ಲಿ ವೇಗವಾಗಿ ಹೋದರೆ ಸಂದುಗಳೆಲ್ಲ ಕೂಡಿ ಹಿಂದಿನ ನೋಟ ಪೂರ್ತಿ ಸಿಗುತ್ತದೆ. ಗೇಟಿನ ಸರಳುಗಳ ಪಕ್ಕ ಬೈಕಿನಲ್ಲಿ ಹೋದವರಿಗೆಲ್ಲ ಗೊತ್ತಿರುವ ಸಂಗತಿ ಇದು. ಮುಚ್ಚಿಸಬೇಕಾದದ್ದು ಕಾರಿನಲ್ಲಿ ಹೋಗುವವರಿಂದಲೇ ಅಲ್ಲವೇ ಮಾರಾಯ್ರೆ.

ಹಿಂದೆ ಬದುಕುವವರಿಗೆ ಏನಾಗುತ್ತದೆ ಎಂಬುದು ಟೆಂಡರ್ ಕಾಗದದಲ್ಲಿ ಬರುವುದಿಲ್ಲ. ಕರಾವಳಿಯಲ್ಲಿ ಮಧ್ಯಾಹ್ನದ ಮೇಲೆ ಗಾಳಿ ಬರುವುದು ಪಡುವಣದಿಂದ. ರಸ್ತೆಯ ಪೂರ್ವಕ್ಕಿರುವ ಗುಡಿಸಲಿಗೆ ಬಾಗಿಲೂ ಕಿಟಕಿಯೂ ಆಗಿರುವುದು ಪಶ್ಚಿಮದ ಒಂದೇ ತೆರಪು. ಮೇಲೆ ಟರ್ಪಾಲು ಅಥವಾ ತಗಡು, ಮೂರು ಕಡೆ ಶೀಟು, ನಾಲ್ಕನೆಯ ಕಡೆಗೆ 90ರ ನೆಟ್ ಎಳೆದರೆ ಏಪ್ರಿಲ್ ತಿಂಗಳಲ್ಲಿ ಒಳಗೆ ಕೂರಲಾಗುವುದಿಲ್ಲ. ಬೆಂಕಿಯ ಅಪಾಯ ಬೇರೆ. ನೆಟ್ಟಿನ ಪ್ಲಾಸ್ಟಿಕ್ಕು 130 ಡಿಗ್ರಿ ಸುಮಾರಿಗೆ ಕರಗಿ ಹನಿ ಹನಿಯಾಗಿ ಬೀಳುತ್ತದೆ, ಹನಿ ಉರಿಯುತ್ತಲೇ ಬೀಳಬಹುದು. ಹೊರಗೆ ಮೂರು ಕಲ್ಲಿನ ಒಲೆ ಹೂಡುವವರ ಮುಂದೆ ಅದನ್ನು ಹತ್ತಡಿ ಎತ್ತರಕ್ಕೆ ನೇತುಹಾಕುವುದು ಎಂಥ ಬುದ್ಧಿ? ದಾರಿಯ ಪ್ರಶ್ನೆಯೂ ಉಂಟು. ನೀರಿನ ಟ್ಯಾಂಕರಿನ ಪೈಪು ಒಳಗೆ ಬರಬೇಕು, ಕಸದ ಗಾಡಿ ನಿಲ್ಲಬೇಕು, ಬೆಳಿಗ್ಗೆ ಆರಕ್ಕೆ ಕೂಲಿಗೆ ಹೊರಡುವವರು ರಸ್ತೆಗೆ ಇಳಿಯಬೇಕು. ಐವತ್ತಡಿಗೊಂದು ಬಾಗಿಲು ಬಿಡದಿದ್ದರೆ ಮೊದಲ ದಿನವೇ ಕತ್ತಿಯಲ್ಲಿ ಸೀಳಿದ ಬಾಗಿಲು ಆಗಿರುತ್ತದೆ, ತಪ್ಪು ಅವರದ್ದಲ್ಲ. ಕೆಳಗೆ ಅರ್ಧ ಅಡಿ ಬಿಡಲೇಬೇಕು, ಇಲ್ಲವಾದರೆ ನೀರು, ಕಸ ನಿಲ್ಲುತ್ತದೆ. ಬಿಟ್ಟರೆ ಅಲ್ಲಿ ಮಕ್ಕಳ ಕಾಲು ಕಾಣುತ್ತವೆ. ಯಕ್ಷಗಾನದಲ್ಲಿ ತೆರೆಯ ಕೆಳಗೆ ವೇಷದ ಗೆಜ್ಜೆ ಕಂಡ ಹಾಗೆ. ಅಲ್ಲಿ ತೆರೆ ಹಿಡಿಯುವುದು ಇಳಿಸಿ ತೋರಿಸುವುದಕ್ಕೆ, ಇಲ್ಲಿ ಹಾಗಲ್ಲ.

ಫ್ಲೆಕ್ಸ್ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ನೋಟ ಪೂರ್ತಿ ಮುಚ್ಚುತ್ತದೆ, ಗಾಳಿಯನ್ನೂ ಪೂರ್ತಿ ಮುಚ್ಚುತ್ತದೆ. ಗಾಳಿ ಹೋಗಲೆಂದು ಅರ್ಧಚಂದ್ರದ ಸೀಳು ಹಾಕಿದರೆ ಸ್ವಾಗತ ಕೋರುವವರ ಮುಖದಲ್ಲೇ ಸೀಳು ಬರುತ್ತದೆ. ಸುಟ್ಟರೆ ಬರುವುದು ಕಣ್ಣು, ಗಂಟಲು ಉರಿಸುವ ಹೊಗೆ. 2016ರ ಮಾರ್ಚ್‌ನಲ್ಲಿ ಕರ್ನಾಟಕ ಸರಕಾರವೇ ಪ್ಲಾಸ್ಟಿಕ್ ಫ್ಲೆಕ್ಸ್ ನಿಷೇಧಿಸಿದೆ ಎಂಬುದು ದಾರಿಬದಿ ನೋಡಿದವರಿಗೆ ನಂಬಿಕೆ ಬಾರದ ಸತ್ಯ.

ತಗಡು ಶೀಟಿನ ಲೆಕ್ಕ ಮಾತ್ರ ಬೇರೆ. ಎಂಟಡಿ ಉದ್ದ, ಮೂರಡಿ ಅಗಲದ ಶೀಟನ್ನು ನಿಲ್ಲಿಸಿ ಜೋಡಿಸಿದರೆ ಒಂದರ ಮೇಲೊಂದು ಬರುವುದು ಕಳೆದು ಎರಡೂವರೆ ಅಡಿ ಸಿಗುತ್ತದೆ. 400 ಮೀಟರಿಗೆ ಐನೂರ ಇಪ್ಪತ್ತೈದು ಶೀಟು. ಹತ್ತು–ಹನ್ನೆರಡು ಅಡಿಯ ಒಂದು ಗುಡಿಸಲಿಗೆ ಮಾಡು ಹಾಕಲು, ಚಾಚು ಸೇರಿ, ಹತ್ತು ಶೀಟು ಬೇಕು. ಅಂದರೆ ಐವತ್ತು ಗುಡಿಸಲನ್ನು ಮರೆಮಾಡಲು ನಿಲ್ಲಿಸಿದ ಶೀಟು ಅದೇ ಐವತ್ತು ಗುಡಿಸಲಿಗೆ ಮಳೆಗಾಲದ ಮಾಡು. ಶೀಟನ್ನು ತೊಂಬತ್ತು ಡಿಗ್ರಿ ತಿರುಗಿಸಿ ಮಲಗಿಸಿದರೆ ಆಯಿತು. ಮೊಳೆ, ವಾಷರು, ಪಕ್ಕಾಸು ಬೇರೆ ಖರ್ಚು, ಒಪ್ಪೋಣ.

ಗೋಡೆ ಇವೆಲ್ಲಕ್ಕಿಂತ ಕೆಟ್ಟದ್ದು, ಏಕೆಂದರೆ ಅದು ಉಳಿಯುತ್ತದೆ. 2020ರ ಫೆಬ್ರವರಿ 24ರಂದು ಅಮೆರಿಕದ ಅಧ್ಯಕ್ಷ ಟ್ರಂಪ್ ಅಹಮದಾಬಾದಿಗೆ ಬರುವ ಮುಂಚೆ ಇಂದಿರಾ ಸೇತುವೆ ಕಡೆಯ ದಾರಿಯಲ್ಲಿ, ಕೊಳೆಗೇರಿಯೊಂದರ ಮುಂದೆ, ಸುಮಾರು 400 ಮೀಟರ್ ಗೋಡೆ ಎದ್ದಿತು. ಮೊದಲು ಆರೇಳು ಅಡಿ ಎಂದು ಹೊರಟದ್ದು ಸುದ್ದಿಯಾದ ಮೇಲೆ ನಾಲ್ಕಡಿಗೆ ನಿಂತಿತು. ಭೇಟಿಗೂ ಗೋಡೆಗೂ ಸಂಬಂಧವಿಲ್ಲ, ಒತ್ತುವರಿ ತಡೆಯಲು ಎಂದಿತು ಪಾಲಿಕೆ. ನಾಲ್ಕಡಿ ಗೋಡೆ ಕಾರಿನಲ್ಲಿ ಕೂತವರ ಕಣ್ಣಿನ ಮಟ್ಟಕ್ಕೆ ಸರಿಯಾಗುತ್ತದೆ ಎಂಬುದನ್ನು ಯಾವ ಮೇಸ್ತ್ರಿಯೂ ಹೇಳುತ್ತಾನೆ.

ಅದೇ ಗೋಡೆಯನ್ನು ನಮ್ಮ ಕೆಂಪು ಕಲ್ಲಿನಲ್ಲಿ ಕಟ್ಟುವುದಾದರೆ ಪಂಚಾಂಗ ಬಿಟ್ಟು ಆರು ಸಾವಿರ ಕಲ್ಲು. ನಾಲ್ಕಡಿ ಚೌಕದ ಒಂದು ಪಾಯಿಖಾನೆಯ ಗೋಡೆಗೆ ಸುಮಾರು 110 ಕಲ್ಲು ಸಾಕು. ಲೆಕ್ಕ ಮಾಡಿ: ಐವತ್ತಕ್ಕೂ ಹೆಚ್ಚು ಪಾಯಿಖಾನೆ. ಹತ್ತು–ಹನ್ನೆರಡರ ಒಂದೇ ಕೋಣೆಯ ಮನೆಯಾದರೆ ನಾನೂರು ಕಲ್ಲಿನಂತೆ ಹದಿನೈದು ಮನೆಯ ಗೋಡೆ. ಇಲ್ಲಿ "ಆ ದುಡ್ಡಿನಲ್ಲಿ" ಎಂಬ ಮಾತಿಗೆ ತೂಕ ಉಂಟು.

ನಮ್ಮೂರಲ್ಲಿ ಈ ಗೋಡೆಯ ಇನ್ನೊಂದು ದೋಷ ಮಳೆ. ವರ್ಷಕ್ಕೆ 3,500 ಮಿಲಿಮೀಟರ್ ದಾಟಿ ಸುರಿಯುವ ಜಾಗ, ಎಲ್ಲವೂ ಗುಡ್ಡದ ಇಳಿಜಾರು. ಅಡ್ಡ ಕಟ್ಟಿದ ಗೋಡೆ ಜೂನ್ ತಿಂಗಳಲ್ಲಿ ಒಡ್ಡು ಆಗುತ್ತದೆ. ಆರಡಿಗೊಂದು ನಾಲ್ಕಿಂಚಿನ ಪೈಪು ಇಟ್ಟು ನೀರಿಗೆ ದಾರಿ ಕೊಡದಿದ್ದರೆ ನೀರು ಮೊದಲು ಗುಡಿಸಲ ನೆಲಕ್ಕೆ ಏರುತ್ತದೆ, ಆಮೇಲೆ ಗೋಡೆಯ ಬುಡ ಮೆತ್ತಗಾಗಿ ಗೋಡೆಯೇ ಹೋಗುತ್ತದೆ. ಪೈಪು ಇಟ್ಟರೂ ಪ್ಲಾಸ್ಟಿಕ್ ಚೀಲ ಸಿಕ್ಕಿ ಕಟ್ಟಿಕೊಳ್ಳುತ್ತದೆ. ಅವಸರದಲ್ಲಿ ಎಬ್ಬಿಸಿದ ಗೋಡೆಗೆ ನೀರು ಹೊಯ್ದು ಕ್ಯೂರಿಂಗ್ ಮಾಡಲು ಏಳು ದಿನ ಯಾರಿಗಿದೆ?

ಕೊನೆಯದು ಸೇವೆ. ವಸ್ತು ಮುಚ್ಚುವ ಬದಲು ಜನರನ್ನೇ ಎತ್ತುವುದು. 2017ರ ನವೆಂಬರ್ 28ರಿಂದ 30ರ ತನಕ ಹೈದರಾಬಾದಿನಲ್ಲಿ ಜಾಗತಿಕ ಉದ್ಯಮಶೀಲತಾ ಶೃಂಗಸಭೆ, ಇವಾಂಕಾ ಟ್ರಂಪ್ ಅತಿಥಿ. ನವೆಂಬರ್ 8ರಿಂದ ಎರಡು ತಿಂಗಳು ಭಿಕ್ಷಾಟನೆಗೆ ಪೊಲೀಸ್ ನಿಷೇಧ ಬಂತು. ಹಿಡಿದವರನ್ನು ಜೈಲಿನ ಆವರಣದ ಆಶ್ರಮಗಳಿಗೆ ಸೇರಿಸಿದರು. ಭಿಕ್ಷುಕರ ಸುಳಿವು ಕೊಟ್ಟವರಿಗೆ ಕಾರಾಗೃಹ ಇಲಾಖೆ 500 ರೂಪಾಯಿ ಬಹುಮಾನ ಸಾರಿತು. 2015ರ ಜನವರಿಯಲ್ಲಿ ಪೋಪ್ ಫ್ರಾನ್ಸಿಸ್ ಮನಿಲಾಕ್ಕೆ ಬಂದಾಗ ಬೀದಿಯಲ್ಲಿ ಮಲಗುವ ನೂರರಷ್ಟು ಕುಟುಂಬಗಳನ್ನು ಊರಿನ ಹೊರಗಿನ ರೆಸಾರ್ಟಿಗೆ ಕರೆದೊಯ್ದು, ಪೋಪ್ ಹೋದ ಮೇಲೆ ವಾಪಸು ತಂದುಬಿಟ್ಟರು. ಊಟ, ಹಾಸಿಗೆ ಚೆನ್ನಾಗಿಯೇ ಇದ್ದಿರಬೇಕು. ಬಡವರ ಮಾತು ಆಡುವ ಅತಿಥಿಗೆ ದಾರಿಬದಿಯ ಈ ಬಡವರೇ ಕಾಣಲಿಲ್ಲ.

ಕರ್ನಾಟಕದಲ್ಲಿ ಈ ಸೇವೆಗೆ ಕಾನೂನಿನ ಹೆಸರು ಭಿಕ್ಷಾಟನೆ ನಿಷೇಧ ಕಾಯ್ದೆ, 1975. ದುಡ್ಡು ಬರುವುದು ನಮ್ಮಿಂದಲೇ: ಆಸ್ತಿ ತೆರಿಗೆಯ ಮೇಲೆ ನೂರಕ್ಕೆ 3ರಂತೆ ಭಿಕ್ಷುಕರ ಉಪಕರ, ಚಲನ್ ತೆಗೆದು ನೋಡಿ. ಮಂಗಳೂರಿನಲ್ಲಿ ನಿರಾಶ್ರಿತರ ಪರಿಹಾರ ಕೇಂದ್ರ ಇರುವುದು ಪಚ್ಚನಾಡಿಯಲ್ಲಿ. ನಗರದ ಕಸ ಹೋಗಿ ಬೀಳುವುದೂ ಪಚ್ಚನಾಡಿಗೇ. 2019ರ ಆಗಸ್ಟ್ ಮಳೆಗೆ ಆ ಕಸದ ಗುಡ್ಡ ಜರಿದು ಪಕ್ಕದ ಮಂದಾರ ಎಂಬಲ್ಲಿನ ಮನೆ, ತೋಟಗಳ ಮೇಲೆ ಹೋದದ್ದು ಎಲ್ಲರಿಗೂ ನೆನಪುಂಟು. ಊರು ಕಣ್ಣಿಂದ ದೂರ ಇಡಬೇಕೆಂದುಕೊಂಡ ಎರಡಕ್ಕೂ ಒಂದೇ ವಿಳಾಸ.

ಈ ಸೇವೆಯ ತಾಂತ್ರಿಕ ದೋಷ: ಹಿಡಿಯುವವರಿಗೆ ಭಿಕ್ಷುಕ ಯಾರು, ಕೂಲಿಗೆ ಕಾಯುವವ ಯಾರು ಎಂದು ಬೆಳಿಗ್ಗೆ ಏಳಕ್ಕೆ ನೋಡಿದರೆ ಗೊತ್ತಾಗುವುದಿಲ್ಲ. ಉಡುಪಿಯ ಬೀಡಿನಗುಡ್ಡೆ ಎಂದರೆ ನೆನಪಾಗುವುದು ಘಟ್ಟದ ಮೇಲಿನಿಂದ, ಕೊಪ್ಪಳ, ಬಾಗಲಕೋಟೆ, ಗದಗ ಕಡೆಯಿಂದ ಬಂದವರ ಗುಡಿಸಲು. ಅವರು ಬೇಡುವವರಲ್ಲ, ಕಾಂಕ್ರೀಟ್ ಹೊರುವವರು, ಚರಂಡಿ ಅಗೆಯುವವರು. ಗಣ್ಯರ ದಾರಿಗೆ ತೇಪೆ ಹಾಕುವವರೂ, ನೆಟ್ಟಿನ ಕಂಬಕ್ಕೆ ಗುಂಡಿ ತೋಡುವವರೂ ಬಹಳ ಸಲ ಅವರೇ. ದೆಹಲಿ ಹೈಕೋರ್ಟು 2018ರಲ್ಲಿ ಅಲ್ಲಿನ ಭಿಕ್ಷಾಟನೆ ಕಾನೂನಿನ ಶಿಕ್ಷೆಯ ಭಾಗಗಳನ್ನು ರದ್ದು ಮಾಡಿದೆ; ನಮ್ಮಲ್ಲಿ ಕಾಯ್ದೆ ಹಾಗೇ ಇದೆ.

ಬೀದಿ ವ್ಯಾಪಾರಿಗಳ ವಿಷಯದಲ್ಲಿ ಕಾನೂನು ಇನ್ನೂ ಸ್ಪಷ್ಟ. 2014ರ ಕಾಯ್ದೆಯ ಪ್ರಕಾರ ಮಾರಾಟದ ಪ್ರಮಾಣಪತ್ರ ಇರುವವರನ್ನು ಆ ಜಾಗದಿಂದ ಎಬ್ಬಿಸುವ ಮೊದಲು ಮೂವತ್ತು ದಿನದ ನೋಟಿಸು ಬೇಕು. ಭೇಟಿಯ ಕಾರ್ಯಕ್ರಮ ಖಚಿತವಾಗುವುದೇ ಅದಕ್ಕಿಂತ ಎಷ್ಟೋ ತಡವಾಗಿ. "ಮೂರು ದಿನ ಗಾಡಿ ತರಬೇಡಿ" ಎಂದು ಬಾಯಿಮಾತಲ್ಲಿ ಹೇಳಿ ಹೋಗುವುದು ಅದಕ್ಕೇ. ಬೊಂಡದ (ಎಳನೀರಿನ) ಗಾಡಿಯವನಿಗೆ ಕಡಿಸಿಟ್ಟ ಬೊಂಡ ಮೂರು ದಿನ ಕಾಯುತ್ತದೆ. ಚರುಂಬುರಿಯವನ ಹೆಚ್ಚಿಟ್ಟ ನೀರುಳ್ಳಿ ಕಾಯುವುದಿಲ್ಲ.

ಇವೆಲ್ಲದರ ಬದಲಿಗೆ ಏನು ಎಂದು ಕೇಳಿದರೆ ಹೊಸದಾಗಿ ಕಂಡುಹಿಡಿಯಬೇಕಾದ್ದು ಏನೂ ಇಲ್ಲ. ಕೇಂದ್ರದ ನಗರ ಜೀವನೋಪಾಯ ಯೋಜನೆಯ ಮಾರ್ಗಸೂಚಿ ಹೇಳಿದ್ದು ಲಕ್ಷ ಜನಸಂಖ್ಯೆಗೆ ನೂರು ಜನ ಮಲಗುವ ವಸತಿ, ತಲೆಗೆ 50 ಚದರಡಿ. 2011ರ ಜನಗಣತಿ ಹಿಡಿದರೂ ಮಂಗಳೂರಿಗೆ ಐನೂರು ಜನರ ಜಾಗ ಆಗಬೇಕು. ಅದಕ್ಕೆ ವರ್ಷಗಳು ಬೇಕು ಎನ್ನುತ್ತಾರೆ. ಆದರೆ ದೊಡ್ಡ ಭೇಟಿಯ ಹಿಂದಿನ ವಾರ ಬಜ್ಪೆಯ ವಿಮಾನ ನಿಲ್ದಾಣದಿಂದ ಮರವೂರು ಸೇತುವೆ, ಕಾವೂರು, ಕದ್ರಿ ಗುಡ್ಡದ ಸರ್ಕಿಟ್ ಹೌಸ್ ತನಕ ದಾರಿದೀಪ ಹತ್ತುತ್ತದೆ, ಹೊಂಡ ಮುಚ್ಚುತ್ತದೆ, ಚರಂಡಿ ಹೂಳು ಹೋಗುತ್ತದೆ. ಏಳು ದಿನದಲ್ಲಿ ಆಗುವ ಕೆಲಸ ಯಾವುದು ಎಂಬ ಪಟ್ಟಿ ಅಲ್ಲೇ ಉಂಟು. ಕೇರಿಯ ಬಾಯಿಗೆ ನೆಟ್ ಕಟ್ಟುವ ಅದೇ ಎಂಟು ಜನ, ಅದೇ ಎರಡು ದಿನದಲ್ಲಿ, ಓಣಿಯ ಚರಂಡಿ ಎತ್ತಿ, ನಾಲ್ಕು ನಲ್ಲಿ ಕೂರಿಸಿ, ಎರಡು ದೀಪ ಹಾಕಿ ಮುಗಿಸಬಲ್ಲರು.

ನೆಟ್ ಬಂದಾಗಿದ್ದರೆ ಒಂದು ಉಪಾಯ. ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿಯ ಅರ್ಜಿ ಹಾಕಿ. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಕೇಳಬೇಕಾದ್ದು ಮೂರು: ಕಾಮಗಾರಿಯ ಅಳತೆ ಪುಸ್ತಕದ ಪ್ರತಿ, ಬಿಲ್ಲು, ದಾಸ್ತಾನು ವಹಿಯ ಪುಟ. "ಯಾಕೆ ಕಟ್ಟಿದಿರಿ" ಎಂದು ಕೇಳಿದರೆ ಉತ್ತರ ಬರುವುದಿಲ್ಲ, 'ಸೌಂದರ್ಯೀಕರಣ' ಎಂಬ ಪದ ಬರುತ್ತದೆ. ಖರೀದಿಸಿದ್ದಾದರೆ ಒಂಬತ್ತು ರೋಲು ಈಗ ಯಾವ ಗೋದಾಮಿನಲ್ಲಿದೆ ಎಂದು ದಾಸ್ತಾನು ವಹಿ ಹೇಳಲೇಬೇಕು. ಬಾಡಿಗೆಯದ್ದಾದರೆ ದಿನದ ದರ ನೋಡಿ; ಮೂರು ದಿನದ ಬಾಡಿಗೆ ಹೊಸ ನೆಟ್ಟಿನ ಬೆಲೆಗಿಂತ ಹೆಚ್ಚಿದ್ದರೆ ಅದನ್ನೂ ಬರೆದು ಕೇಳಿ.

ಬಿಚ್ಚಿದ ನೆಟ್ ಕೇರಿಯವರ ಕೈಗೆ ಸಿಕ್ಕಿದರೆ ಅದಕ್ಕೆ ಒಳ್ಳೆಯ ಬಳಕೆ ಇದೆ. ಮುಂಬದಿಯಿಂದ ತೆಗೆದು ತಗಡಿನ ಮಾಡಿನ ಮೇಲೆ, ತಗಡಿಗೆ ತಾಗದಂತೆ ಒಂದಡಿ ಮೇಲಕ್ಕೆ, ಅಡಿಕೆ ಮರದ ಸಲಾಕೆ ನಿಲ್ಲಿಸಿ ಬಿಗಿಯಾಗಿ ಎಳೆಯಿರಿ. ನಡುವೆ ಗಾಳಿ ಆಡಿದರೆ ಮಾತ್ರ ತಂಪು. ತಗಡಿಗೆ ಅಂಟಿಸಿ ಹಾಸಿದರೆ ಪ್ರಯೋಜನ ಅಷ್ಟಕ್ಕಷ್ಟೆ. ಒಲೆಯ ಹೊಗೆ ಏರುವ ಮೂಲೆಯಲ್ಲಿ ನಾಲ್ಕಡಿ ಬಿಟ್ಟುಬಿಡಿ. ಮೇ ಕೊನೆಯೊಳಗೆ ಬಿಚ್ಚಬೇಕು, ಇಲ್ಲವಾದರೆ ಮಳೆಗಾಲದ ಗಾಳಿ ನೆಟ್ಟಿನ ಜೊತೆ ತಗಡನ್ನೂ ಎತ್ತುತ್ತದೆ. ಮಣ್ಣು ತೊಳೆದು, ನೆರಳಲ್ಲಿ ಒಣಗಿಸಿ, ಇಲಿ ಬಾರದ ಹಾಗೆ ಡ್ರಮ್ಮಿನಲ್ಲಿ ಸುತ್ತಿಟ್ಟರೆ ಉರುಟು ಎಳೆಯದ್ದು ಇನ್ನು ನಾಲ್ಕು ಬೇಸಿಗೆಗೆ ಬರುತ್ತದೆ.